ಇಟ್ಟಿಗೆ ತೆಗೆದ ಮೇಲೆ

ಕಾರು ಉರುಳತೊಡಗಿದ ಮೇಲೆಯೇ ಒಳಗೆ ಯಾರೂ ಕೂತಿಲ್ಲವೆಂಬುದು ಅವರಿಗೆ ಗೊತ್ತಾದದ್ದು.

ಹಾಗೆ ನೋಡಿದರೆ ಎಲ್ಲರೂ ತಂತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಚಿಕ್ಕಮ್ಮ ಮೊದಲೇ ಇಳಿದುಹೋಗಿ ಬೀದಿಯ ತಿರುವಿನಲ್ಲಿ ನಿಂತು, ಎದುರಿನಿಂದ ಯಾವ ಗಾಡಿಯೂ ಬರುತ್ತಿಲ್ಲವೆಂದು ಕೈ ಬೀಸಿದ್ದಳು. ಮಗಳು ಮುಂದಿನ ಚಕ್ರದಡಿಯ ಇಟ್ಟಿಗೆಯನ್ನು ಕಿತ್ತು ಕೈಗೆ ತೆಗೆದುಕೊಂಡಿದ್ದಳು. ಡಿಕ್ಕಿಯ ಎಡ ಮೂಲೆಗೆ ಅಪ್ಪ, ಬಲ ಮೂಲೆಗೆ ಮಗ ಕೈ ಕೊಟ್ಟು ‘ಹ್ಞೂಂ’ ಎಂದು ಒಟ್ಟಿಗೆ ದೂಡಿದ್ದರು. ಇಷ್ಟು ವರ್ಷ ಹೀಗೆಯೇ ನಡೆದು ಬಂದಿತ್ತು. ಹ್ಯಾಂಡ್‌ಬ್ರೇಕ್ ಸತ್ತು ಎಷ್ಟೋ ಕಾಲವಾಗಿದ್ದರಿಂದ ಆ ಇಳಿಜಾರು ಬೀದಿಯಲ್ಲಿ ಕಾರಿಗೆ ಇಟ್ಟಿಗೆಯೇ ಬ್ರೇಕು. ಬ್ಯಾಟರಿಯ ಮೇಲೆ ನಂಬಿಕೆ ಇಲ್ಲದ್ದರಿಂದ ಇಳಿಜಾರೇ ಸ್ವಿಚ್ಚು. ಇವರು ದೂಡಿದರೆ ಸ್ಟೇರಿಂಗ್ ಹಿಂದೆ ಕೂತ ಅಮ್ಮ ಎರಡನೇ ಗೇರಿನಲ್ಲಿ ಕ್ಲಚ್ ಬಿಡುವಳು, ಎಂಜಿನ್ ಕೆಮ್ಮಿ ಎದ್ದುಕೊಳ್ಳುವುದು, ಅವಳು ಕಿಟಕಿಯಿಂದ ಕೈ ಹಾಕಿ ಬಾಗಿಲನ್ನು ದಬದಬ ಬಡಿದರೆ ಎಲ್ಲರೂ ಓಡಿ ಹತ್ತಿಕೊಳ್ಳುವರು.

ಇವತ್ತು ಅಮ್ಮ ಬೀದಿಯ ಕೆಳಗೆ ನಿಂತಿದ್ದ ಬಿಳಿ ವ್ಯಾನಿನಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದಳು.

“ಇಟ್ಟಿಗೆ ಹಾಕೇ, ಇಟ್ಟಿಗೆ” ಎಂದ ಮಗ.

ಮಗಳು ಇಟ್ಟಿಗೆ ಹಿಡಿದುಕೊಂಡು ಕಾರಿನ ಪಕ್ಕ ಓಡಿದಳು. ನಿಂತ ಚಕ್ರಕ್ಕೆ ಇಟ್ಟಿಗೆ ಕೊಟ್ಟು ಅಭ್ಯಾಸವಿತ್ತೇ ಹೊರತು ಓಡುವ ಚಕ್ರಕ್ಕೆ ಕೊಟ್ಟು ಗೊತ್ತಿರಲಿಲ್ಲ. ಕಾರು ಅವಸರವಿಲ್ಲದೆ, ನೆಟ್ಟಗೆ, ತನಗೆ ತಿಳಿದ ದಾರಿ ಎಂಬಂತೆ ಇಳಿಯಿತು. ಖಾಲಿ ಸೀಟು ತನ್ನೆದುರಿಗೇ ಹಾದುಹೋದದ್ದನ್ನು ಕಂಡ ಚಿಕ್ಕಮ್ಮ ಬೀಸುತ್ತಿದ್ದ ಕೈಯನ್ನು ಬಾಯಿಗಿಟ್ಟುಕೊಂಡಳು. ಅಮ್ಮ ಕೆಲಸ ಮಾಡುತ್ತಿದ್ದ ಲಾಂಡ್ರಿಯ ಹೆಂಗಸರು, ಹೂ ಹಿಡಿದು ನಿಂತಿದ್ದವರು, ಎರಡೂ ಕಡೆ ಸರಿದು ದಾರಿ ಬಿಟ್ಟರು. ಕಾರು ವ್ಯಾನಿನ ಹಿಂದಿನ ಬಂಪರಿಗೆ ಟಕ್ಕೆಂದು ಮುಟ್ಟಿ ನಿಂತಿತು.

ವ್ಯಾನಿನ ಡ್ರೈವರ್ ಇಳಿದು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ, ದಪ್ಪ ಮೈಯ ಮನುಷ್ಯ. ಹೆಣ ಹೊತ್ತುಕೊಂಡು ಹೋಗುವವನಿಗೆ ಇಡೀ ಊರೇ ದಾರಿ ಬಿಡುತ್ತಿತ್ತು. ಹಿಂದಿನಿಂದ ಬಂದು ಗುದ್ದಿದವರು ಇದೇ ಮೊದಲು. ಅವನು ಬಂಪರ್ ಸವರುತ್ತ ನಿಂತ.

ಅಪ್ಪ ಏದುಸಿರು ಬಿಡುತ್ತ ಬಂದು ಕಾರಿನ ತಲೆಯ ಮೇಲೆ ಕೈ ಊರಿದ. “ತಪ್ಪು ತಿಳ್ಕೋಬೇಡಪ್ಪ. ಯಜಮಾನಿಯನ್ನ ಕೇಳೋಕೆ ಹೋಗಿದೆ, ಇನ್ಮೇಲೆ ಯಾರು ಓಡಿಸೋದು ಅಂತ.”

ಮೊದಲು ನಕ್ಕವಳು ಚಿಕ್ಕಮ್ಮ. ಬೆಳಗಿನಿಂದ ಅತ್ತು ಊದಿದ ಮುಖದಲ್ಲಿ ನಗು ಎಲ್ಲಿಂದ ಬಂತೆಂದು ಅವಳಿಗೇ ಗೊತ್ತಿರಲಿಲ್ಲ. ಅವಳ ಹಿಂದೆ ಲಾಂಡ್ರಿಯ ಹೆಂಗಸರು ಶುರು ಮಾಡಿದರು. ಮಗ ಮಾತ್ರ ನಗಲಿಲ್ಲ. ಬೀದಿಯ ಮೇಲ್ತುದಿಯಲ್ಲಿ ಅವನ ಬೆಳ್ಳಿಬಣ್ಣದ ಹೊಸ ಕಾರು ನಿಂತಿತ್ತು. ಅದು ಇದ್ದೂ ಈ ಡಬ್ಬ ದೂಡುವ ಹಣೆಬರಹ ಬೇಕಾ ಎಂದು ಅವನು ಬೆಳಗಿನಿಂದ ಕೇಳುತ್ತಲೇ ಇದ್ದ. ನಾಳೆ ಗುಜರಿಯವನನ್ನು ಕರೆಸುತ್ತೇನೆಂದೂ ಹೇಳಿದ್ದ.

“ಸಾಕು ಬನ್ನಿ ಅಪ್ಪ. ನನ್ನ ಕಾರಲ್ಲಿ ಹೋಗೋಣ.”

“ನಿನ್ನ ಕಾರು ಹತ್ತಿದ್ರೆ ನನಗೇನಾಗುತ್ತೆ ಅಂತ ಗೊತ್ತಲ್ಲ.”

ಎಲ್ಲರಿಗೂ ಗೊತ್ತಿತ್ತು. ಮುಚ್ಚಿದ ಗಾಜು, ತಣ್ಣನೆ ಗಾಳಿ, ಸೆಂಟಿನ ವಾಸನೆ. ಎರಡು ಬೀದಿ ದಾಟುವುದರೊಳಗೆ ಅಪ್ಪ ವಾಂತಿ ಮಾಡಿಕೊಳ್ಳುತ್ತಿದ್ದ. ಬಸ್ಸಾದರೂ ಅಷ್ಟೇ, ಯಾವುದಾದರೂ ಅಷ್ಟೇ. ಹಳೆಯ ಕಾರಿನ ಎಡ ಸೀಟಿನಲ್ಲಿ ಮಾತ್ರ ಅವನಿಗೆ ಏನೂ ಆಗುತ್ತಿರಲಿಲ್ಲ. ಆ ಕಡೆಯ ಗಾಜು ಎಂದೋ ಬಾಗಿಲೊಳಗೆ ಬಿದ್ದುಹೋಗಿದ್ದರಿಂದ ಬೇಸಿಗೆಯಿರಲಿ ಚಳಿಯಿರಲಿ ಗಾಳಿ ಮುಖಕ್ಕೇ ಹೊಡೆಯುತ್ತಿತ್ತು.

“ಅವಳನ್ನ ಮಣ್ಣು ಮಾಡೋ ಹೊತ್ತಲ್ಲಿ ನಾನು ಗೇಟ್ ಹತ್ರ ಕಕ್ತಾ ಕೂತಿರಬೇಕಾ? ಬಂದ್ರೆ ಇದರಲ್ಲೇ ಬರ್ತೀನಿ. ಇಲ್ಲಾಂದ್ರೆ ನಡ್ಕೊಂಡು.”

ಸ್ಮಶಾನ ಊರಿನ ಆ ತುದಿಗಿತ್ತು. ಅಪ್ಪನ ಮಂಡಿ ಅಂಗಡಿಯವರೆಗೂ ಹೋಗಲೊಲ್ಲದು. ಕಾರು ದೂಡುವಾಗ ಮಾತ್ರ ಅದಕ್ಕೆ ನೋವಿರಲಿಲ್ಲ.

*

ಹಲ್ಲು ಕೀಳಿಸಿಕೊಂಡು ಬರುತ್ತೇನೆಂದು ಹೋದ ಅಮ್ಮ ಕಾರು ತಂದಿದ್ದಳು.

ಹೋಟೆಲುಗಳ ಹಾಸಿಗೆ ಬಟ್ಟೆ ಬರುವ ಲಾಂಡ್ರಿಯಲ್ಲಿ ಅವಳದು ಇಸ್ತ್ರಿ ಕೆಲಸ. ದವಡೆ ಊದಿಕೊಂಡು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವಳಿಗೆ ಕಿಟಕಿಯಾಚೆ ನೀಲಿ ಕಾರೊಂದು ಕಂಡಿತು. ಗಾಜಿನ ಮೇಲೆ ‘ಮಾರಾಟಕ್ಕಿದೆ’ ಎಂಬ ಚೀಟಿ. ಸೂಜಿ, ಇಕ್ಕಳ ಯಾವುದನ್ನೂ ನೋಡದೆ ಅದನ್ನೇ ನೋಡಿದಳಂತೆ. ಕಾರು ಡಾಕ್ಟರರದೇ, ಅವರಿಗಿಂತ ಮೊದಲು ಒಬ್ಬ ಸಂಗೀತದ ಮೇಷ್ಟರದಾಗಿತ್ತು. ಹಲ್ಲು ಕಿತ್ತ ಮೇಲೆ ಮರಗಟ್ಟಿದ ನಾಲಿಗೆಯಿಂದ ಮಾತು ಹೊರಡದೆ ಅವಳು ಬೆರಳಲ್ಲೇ ಚೌಕಾಸಿ ಮಾಡಿದಳು. ನೋವಿಗೆ ತಲೆಯಾಡಿಸುತ್ತಿದ್ದಾಳೆಂದು ಡಾಕ್ಟರು ತಿಳಿದರು. ಅವಳು ಆಡಿಸುತ್ತಿದ್ದದ್ದು, ಇನ್ನೂ ಇಳಿಸಿ ಎಂದು.

ಓಡಿಸುವುದನ್ನು ಲಾಂಡ್ರಿಯ ಹಿತ್ತಲಲ್ಲಿ, ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಊಟದ ಬಿಡುವಿನಲ್ಲಿ ಕಲಿತಿದ್ದಳು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲಿಗೆ ಬಂದ ಗಂಡ “ಹಲ್ಲು?” ಎಂದ. ಬಾಯಿ ತೆರೆದು ತೂತು ತೋರಿಸಿದಳು. “ಇದು?” ಎಂದ. ಅವಳು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದಳು. ಹಲ್ಲು ಹೋದ ಜಾಗಕ್ಕೆ ಇದನ್ನು ಕಟ್ಟಿಸಿಕೊಂಡು ಬಂದಳು ಎಂದು ಅವನು ಆಮೇಲೆ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ.

ಕಾರು ಬಂದ ಮೇಲೆ ಒಂದೊಂದಾಗಿ ಎಲ್ಲರಿಗೂ ಕೆಲಸ ಬಂತು. ಹಿಂದಿನ ಬಾಗಿಲುಗಳು ಹೊರಗಿನಿಂದಷ್ಟೇ ತೆರೆಯುತ್ತಿದ್ದವು. ಮೊದಲು ಇಳಿದವರು ಉಳಿದವರನ್ನು ಬಿಡಿಸಬೇಕು. ಎಡಗಡೆಯ ಇಂಡಿಕೇಟರ್ ಉರಿಯುತ್ತಿರಲಿಲ್ಲ. ಅಪ್ಪ ಕಿಟಕಿಯಿಂದ ಕೈ ಚಾಚಬೇಕು. ಬೀಗದ ಕೈ ಸದಾ ಕಾರಿನಲ್ಲೇ ಇರುತ್ತಿತ್ತು. ಕದಿಯೋಕೆ ಬರೋನು ದೂಡೋಕೆ ಮೂರು ಜನಾನೂ ಕರ್ಕೊಂಡು ಬರಬೇಕು, ಅಷ್ಟು ಸ್ನೇಹಿತರಿರೋನು ಯಾಕೆ ಕದೀತಾನೆ ಎಂಬುದು ಅಮ್ಮನ ವಾದ. ಎತ್ತರದ ಕಾರಣಕ್ಕೆ ಕಂಬ ಎಂದೇ ಹೆಸರಾಗಿದ್ದ ಮೆಕ್ಯಾನಿಕ್ಕು ಪ್ರತಿ ಸಲವೂ ಮಾರಿಬಿಡಿ ಅಕ್ಕ ಎನ್ನುತ್ತಿದ್ದ. ಅವಳೂ ಪ್ರತಿ ಸಲ ಅದನ್ನೇ ಹೇಳುತ್ತಿದ್ದಳು: “ನಿನ್ನ ಹೆಂಡ್ತಿ ನಾಲ್ಕು ಸಲ ಕೆಮ್ಮಿದ್ರೆ ಅವಳಿಗೂ ಹೀಗೇ ಹೇಳ್ತೀಯೇನೋ?”

*

ವ್ಯಾನಿನ ಡ್ರೈವರ್ ಗಡಿಯಾರ ನೋಡಿಕೊಂಡ. ಯಾರಾದರೊಬ್ಬರು ಕೂತರೆ ದೂಡಲು ತಾನೂ ಕೈ ಕೊಡುತ್ತೇನೆಂದ.

ಮಗ ಕೂರಲು ಹೋದ. ಸೀಟು ಅಮ್ಮನ ಅಳತೆಗೆ ಮುಂದೆ ಎಳೆದಿದ್ದು ಅಲ್ಲಿಯೇ ತುಕ್ಕು ಹಿಡಿದು ಕೂತಿತ್ತು. ಒಂದು ಕಾಲು ಒಳಗೆ ಹೋಯಿತು. ಎರಡನೆಯದನ್ನು ಒಳಗೆ ತಂದಾಗ ಮಂಡಿ ಗದ್ದಕ್ಕೆ ಬಂತು. ಎಳೆದು ಹೊರಗೆ ಹಾಕಬೇಕಾಯಿತು. ಕಂಬ ಪ್ರಯತ್ನಿಸಲೂ ಇಲ್ಲ. ಅವನು ಈ ಕಾರನ್ನು ಎಂದೂ ಓಡಿಸಿದವನಲ್ಲ. ಪಕ್ಕದಲ್ಲಿ ಕೂತು ಕಿವಿಯಿಂದಲೇ ರಿಪೇರಿ ಮಾಡುತ್ತಿದ್ದ. ವ್ಯಾನಿನ ಡ್ರೈವರನ ಹೊಟ್ಟೆ ನೋಡಿ ಯಾರೂ ಅವನನ್ನು ಕೇಳಲಿಲ್ಲ. ಲಾಂಡ್ರಿಯ ಹೆಂಗಸರಿಗೆ ಮಳೆಗೆ ಸೋರುವ ಅದರೊಳಗೆ ಕೊಡೆ ಹಿಡಿದು ಕೂತು ಗೊತ್ತೇ ಹೊರತು ಓಡಿಸಿ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಸೈಕಲ್ಲೂ ಬಾರದು.

ಒಬ್ಬೊಬ್ಬರಾಗಿ ಎಲ್ಲರೂ ಮಗಳ ಕಡೆ ತಿರುಗಿದರು. ಅವಳದು ಅಮ್ಮನದೇ ಎತ್ತರ. ಕೈಯಲ್ಲಿ ಇಟ್ಟಿಗೆ ಇನ್ನೂ ಇತ್ತು.

“ನನ್ನ ಕಡೆ ನೋಡಬೇಡಿ” ಎಂದಳು.

*

ಲೈಸೆನ್ಸು ಬಂದ ವಾರವೇ ಅವಳು ಕಾರನ್ನು ಪಕ್ಕದ ಮನೆಯ ಕಾಂಪೌಂಡಿಗೆ ಗುದ್ದಿದ್ದಳು.

ಅಮ್ಮ ಎಡ ಸೀಟಿನಲ್ಲಿದ್ದಳು. ಗೋಡೆಯ ಒಂದು ಮೂಲೆ ಕುಸಿಯಿತು, ಕಾರಿನ ಬಾಗಿಲೊಂದು ಒಳಗೆ ಹೋಯಿತು. ಪಕ್ಕದ ಮನೆಯಾತ ಬನಿಯನ್ನಿನಲ್ಲೇ ಹೊರಗೆ ಬಂದು ಕೂಗಾಡಿದ. ಅವನು ಮುಗಿಸಿದ ಮೇಲೆ ಅಮ್ಮ ಮಗಳ ಕಡೆ ತಿರುಗಿದಳು.

“ಗೋಡೆ ಅಲ್ಲೇ ಇತ್ತಲ್ಲೇ. ಇವತ್ತೇನೂ ಹೊಸದಾಗಿ ಬಂದಿದ್ದಲ್ವಲ್ಲ.”

ಬೈದಿದ್ದರೆ ಮಗಳು ಮರುದಿನವೇ ಮತ್ತೆ ಕೂರುತ್ತಿದ್ದಳೋ ಏನೋ. ಈ ಮಾತು ಮಾತ್ರ ಬೀದಿಯಲ್ಲೆಲ್ಲ ಹಬ್ಬಿ, ಅವಳು ಹಾಲಿಗೆ ಹೋದರೂ ಗೋಡೆ ನೋಡ್ಕೊಂಡು ಹೋಗಮ್ಮ ಎನ್ನುವವರು ಹುಟ್ಟಿಕೊಂಡರು. ಗುಜರಿಯಿಂದ ಬಿಳಿ ಬಾಗಿಲೊಂದು ಬಂದು ನೀಲಿ ಕಾರಿಗೆ ಸೇರಿತು. ಬಿದ್ದ ಮೂಲೆಯಿಂದ ಒಂದು ಇಟ್ಟಿಗೆ ಅಮ್ಮನ ಕಾರಿನ ಚಕ್ರದಡಿಗೆ ಬಂತು. ಅದಕ್ಕೆ ಮೊದಲು ಅಲ್ಲಿದ್ದದ್ದು ಒಂದು ಕಲ್ಲು. ಇನ್ನು ಆ ಸೀಟಿನ ತಂಟೆ ಬೇಡ, ಇಟ್ಟಿಗೆ ತೆಗೆಯುವ ಕೆಲಸ ನನಗಿರಲಿ ಎಂದಳು ಮಗಳು.

“ಆಗಲಿ ತಾಯಿ. ನಾನು ಸಾಯೋವರೆಗೂ ಇಟ್ಟಿಗೆ ತೆಗೀತಾ ಇರು” ಎಂದು ಅಮ್ಮ ಗೇರು ಹಾಕಿದ್ದಳು.

*

ಅಪ್ಪ ಕೋಲು ತೆಗೆದುಕೊಂಡು, ಬೀದಿಯ ಅಂಚು ಹಿಡಿದು, ಊರಿನ ಆ ತುದಿಯ ಕಡೆಗೆ ನಡೆಯಲು ಶುರು ಮಾಡಿದ. ಒಂದು ಹೆಜ್ಜೆ, ಒಂದು ಕೋಲು.

ಮಗಳು ಅವನ ಬೆನ್ನನ್ನು ನಾಲ್ಕು ಮನೆಯವರೆಗೆ ನೋಡಿದಳು.

“ಬನ್ನಿ ಅಪ್ಪ, ಕೂತ್ಕೊಳ್ಳಿ” ಎಂದಳು. “ಗುದ್ದಿದ್ರೆ ಮಾತ್ರ ಯಾರೂ ಏನೂ ಅನ್ನಬಾರದು.”

“ಅನ್ನೋಳು ವ್ಯಾನಲ್ಲಿದ್ದಾಳೆ” ಎಂದ ಅಪ್ಪ, ಕೋಲು ತಿರುಗಿಸಿಕೊಂಡು.

ಇಟ್ಟಿಗೆಯನ್ನು ಅವನ ಕಾಲ ಬಳಿ ಇಟ್ಟು ಅವಳು ಕೂತಳು. ಸೀಟನ್ನಾಗಲೀ ಕನ್ನಡಿಯನ್ನಾಗಲೀ ಸರಿಮಾಡಿಕೊಳ್ಳುವ ಅಗತ್ಯ ಬೀಳಲಿಲ್ಲ. ಕನ್ನಡಿಯಲ್ಲಿ ಅಣ್ಣ, ಕಂಬ, ಲಾಂಡ್ರಿಯ ಇಬ್ಬರು ಬಗ್ಗಿದ್ದು ಕಂಡಿತು. ಮುಂದೆ ವ್ಯಾನು ಹೊರಟು ಜಾಗ ಬಿಟ್ಟಿತು. ಅಪ್ಪ ರಸ್ತೆ ನೋಡುತ್ತಲೇ “ಎರಡನೇ ಗೇರು” ಎಂದ. ಮೊದಲ ಸಲ ಕ್ಲಚ್ ಬೇಗ ಬಿಟ್ಟಳು. ಕಾರು ಬಿಕ್ಕಳಿಸಿ ನಿಂತಿತು. ಎರಡನೇ ಸಲ ಎಂಜಿನ್ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, ಎದ್ದಿತು. ಅವಳ ಬಲಗೈ ಕಿಟಕಿಯಿಂದ ಹೊರಗೆ ಹೋಗಿ ತಾನಾಗಿಯೇ ಬಾಗಿಲು ಬಡಿಯಿತು.

ಓಡಿಬಂದು ಹತ್ತಿದವರಲ್ಲಿ ಮಗನೂ ಇದ್ದ. ಹೊಸ ಕಾರನ್ನು ಬೀದಿಯ ಮೇಲ್ತುದಿಯಲ್ಲೇ ಬಿಟ್ಟು ಬಂದೆನೆಂಬುದು ಅವನಿಗೆ ನೆನಪಾದದ್ದು ಮುಖ್ಯರಸ್ತೆ ಸೇರಿದ ಮೇಲೆ. ಆಗ ಅವನ ತೊಡೆಯ ಮೇಲೆ ಚಿಕ್ಕಮ್ಮನ ಚೀಲ, ಹೆಗಲ ಮೇಲೆ ಲಾಂಡ್ರಿಯವಳ ಹೂವು ಇದ್ದವು. ನಿನ್ನ ಡಬ್ಬ ಚೆನ್ನಾಗಿ ಓಡ್ತಿದೆಯಲ್ಲೋ ಎಂದು ಚಿಕ್ಕಮ್ಮ ಕೆಣಕಿದಳು. ಬಲಗಡೆ ಒತ್ತಿ ಕೂತಿದ್ದ ಲಾಂಡ್ರಿಯವಳು, ಮಳೆ ಬಂದರೆ ನೀರು ಬೀಳುವುದು ತನ್ನ ಮೂಲೆಯಲ್ಲಲ್ಲ, ಇನ್ನೊಂದು ಮೂಲೆಯಲ್ಲಿ ಎಂದು ವಾದ ತೆಗೆದಳು.

ವ್ಯಾನು ಶವಕ್ಕೆ ಮರ್ಯಾದೆ ಕೊಟ್ಟು ನಿಧಾನ ಹೋಗುತ್ತಿತ್ತು. ಅಷ್ಟು ನಿಧಾನ ಹೋದರೆ ಈ ಎಂಜಿನ್ ನಿಲ್ಲುತ್ತದೆಂದು ಕಾರಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಾರು ನಡುಗಿತು, ಮೂಗು ಎಳೆಯಿತು.

“ದಾಟು” ಎಂದ ಅಪ್ಪ.

“ಅಮ್ಮನನ್ನಾ?”

“ಅವಳು ತಂದಾಗಿನಿಂದ ಈ ಕಾರು ಯಾರನ್ನೂ ದಾಟಿಲ್ಲ. ಇವತ್ತೊಂದಿನ ಆಗ್ಲಿ.”

ಅವಳು ದಾಟಿದಳು. ಜೊತೆಯಾಗಿ ಓಡಿದ ಒಂದು ಗಳಿಗೆ ವ್ಯಾನಿನ ಕಿಟಕಿ ಇವರ ಕಿಟಕಿಗೆ ಎದುರಾಯಿತು. ಚಿಕ್ಕಮ್ಮ ಒಳಗಿದ್ದ ಪೆಟ್ಟಿಗೆಗೆ ಕೈ ಬೀಸಿದಳು. ಸ್ಮಶಾನದ ತಿರುವಿನಲ್ಲಿ ಅಪ್ಪನ ಕೈ ಕಿಟಕಿಯಿಂದ ಹೊರಗೆ ಬಂದು ನೆಟ್ಟಗೆ ಚಾಚಿಕೊಂಡಿತು. ಹಿಂದೆ ಬರುತ್ತಿದ್ದ ವ್ಯಾನು, ಅದರ ಹಿಂದಿನ ಗಾಡಿಗಳು ಎಲ್ಲವೂ ಅದನ್ನು ನೋಡಿ ನಿಧಾನಿಸಿ ಎಡಕ್ಕೆ ತಿರುಗಿದವು.

ಮಣ್ಣು ಮಾಡುವ ಕೆಲಸ ಬೇಗ ಮುಗಿಯಿತು. ಪೆಟ್ಟಿಗೆ ಮುಚ್ಚುವ ಮೊದಲು ಲಾಂಡ್ರಿಯ ಹಿರಿಯವಳು ಬಗ್ಗಿ, ಹೊದಿಸಿದ ಬಟ್ಟೆಯ ಮೇಲಿನ ಸುಕ್ಕೊಂದನ್ನು ಅಂಗೈಯಿಂದ ತೀಡಿದಳು. ಹೀಗೆ ಬಿಟ್ಟಿದ್ದರೆ ಎದ್ದು ಬೈತಿದ್ದಳು ಎಂದಳು. ಅಪ್ಪ ಒಂದು ಹಿಡಿ ಮಣ್ಣು ಹಾಕಿ, ಕೈ ಕೊಡವಿಕೊಂಡು, ಸ್ವಲ್ಪ ಹೊತ್ತು ಅಲ್ಲಿಯೇ ನಿಂತ. ಅವನ ಅಂಗಿಯ ಮುಂಭಾಗ ಸ್ವಚ್ಛವಾಗಿತ್ತು.

ಹೊರಗೆ ಬಂದಾಗ ಬಾನೆಟ್ ಮುಚ್ಚಿ ಕೈ ಒರೆಸಿಕೊಳ್ಳುತ್ತ ಕಂಬ ನಿಂತಿದ್ದ. ಕಾರಿನಲ್ಲಿ ಅವನಿಗೆ ಜಾಗ ಸಿಕ್ಕಿರಲಿಲ್ಲ. ಸ್ಕೂಟರಿನಲ್ಲಿ ಅಂಗಡಿಗೆ ಹೋಗಿ ಬಂದಿದ್ದ. ಮಗಳು ಕೂತ ಮೇಲೆ ಕಿಟಕಿಗೆ ಬಗ್ಗಿದ.

“ಇಲ್ಲಿ ಇಳಿಜಾರಿಲ್ಲ ನೋಡಮ್ಮ. ಅದಕ್ಕೆ ಹೊಸ ಬ್ಯಾಟರಿ ಹಾಕಿದ್ದೀನಿ. ಅಕ್ಕ ಇದ್ದಿದ್ರೆ ಹಾಕೋಕೆ ಬಿಡ್ತಿರಲಿಲ್ಲ. ಕೀ ತಿರುಗಿಸು, ಅಷ್ಟೇ.”

ಅವಳು ಕೀಯನ್ನು ಅರ್ಧ ತಿರುಗಿಸಿದಳು. ತಾನು ಹುಟ್ಟಿದಾಗಿನಿಂದ ಮಂಕಾಗಿಯೇ ಕಂಡಿದ್ದ ಕೆಂಪು ದೀಪ ನಿಗಿನಿಗಿ ಹೊತ್ತಿತು. ಇನ್ನರ್ಧ ತಿರುಗಿಸಿದರೆ ಸಾಕಿತ್ತು.

ಅವಳು ಕನ್ನಡಿ ನೋಡಿದಳು. ಚಿಕ್ಕಮ್ಮ ಆಗಲೇ ಗೇಟಿನಾಚೆ ಹೋಗಿ ರಸ್ತೆ ನೋಡುತ್ತಿದ್ದಳು. ಮಗ ಡಿಕ್ಕಿಯ ಬಲ ಮೂಲೆಗೆ ಹೆಗಲು ಕೊಟ್ಟಿದ್ದ. ಎಡ ಮೂಲೆಯಲ್ಲಿ ಅಪ್ಪ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ಇಬ್ಬರ ನಡುವೆ ಲಾಂಡ್ರಿಯ ಹೆಂಗಸರು ಸಾಲಾಗಿ ಅಂಗೈ ಊರಿದ್ದರು, ಇಸ್ತ್ರಿ ಮೇಜಿನ ಮುಂದೆ ನಿಂತ ಹಾಗೆ. ವ್ಯಾನಿನ ಡ್ರೈವರ್ ಬಿಳಿ ಅಂಗಿಯ ತೋಳು ಮಡಚುತ್ತ ಓಡಿಬರುತ್ತಿದ್ದ. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ.

ಗೇಟಿನ ಬಳಿ ಚಿಕ್ಕಮ್ಮ ಕೈ ಬೀಸಿದಳು. ಮಗಳು ಕೀಯಿಂದ ಕೈ ತೆಗೆದಳು, ಕ್ಲಚ್ ಒತ್ತಿ ಎರಡನೇ ಗೇರಿಗೆ ಹಾಕಿದಳು.

“ಹ್ಞೂಂ” ಎಂದಳು.