ಐದನೇ ಅಡ್ಡರಸ್ತೆಯ ಕೊನೆಯ ಮನೆ

ನಿಂಗಯ್ಯ ಆ ನಕ್ಷೆಗೆ ರುಜು ಹಾಕಿದ್ದು ೧೯೫೮ರ ಆಷಾಢದಲ್ಲಿ. ಹಾಕುವ ಮೊದಲು ಎರಡು ದಿನ ಅದನ್ನು ಚೀಲದಲ್ಲಿಟ್ಟುಕೊಂಡೇ ಓಡಾಡಿದ್ದ.

ಅವನು ಇಲವಾಲದ ಕಡೆಯ ಒಕ್ಕಲು ಮನೆತನದವನು. ಓವರ್‌ಸಿಯರ್ ಪರೀಕ್ಷೆ ಪಾಸು ಮಾಡಿ, ಹೊಸ ಬಡಾವಣೆಗಳಿಗೆ ಮಂಜೂರಾತಿ ಕೊಡುವ ಕಚೇರಿಯೊಂದರಲ್ಲಿ ಆರು ವರ್ಷದಿಂದ ಹಂಗಾಮಿಯಾಗಿ ದುಡಿಯುತ್ತಿದ್ದ. ಮನೆ ಕಟ್ಟುವ ಸಂಘಗಳು ಜಮೀನು ಕೊಂಡು ನಕ್ಷೆ ತಂದರೆ ಇವನು ಅಳತೆಯ ಸರಪಳಿ ಹಿಡಿದು ಹೋಗಬೇಕು. ರಸ್ತೆಗಳು ನಿಯಮದಷ್ಟು ಅಗಲ ಇವೆಯೇ ಎಂದು ನೋಡಿ ಬರೆಯಬೇಕು. ವಿದ್ಯಾರಣ್ಯಪುರದ ಆಚೆ ಸುಂದರೇಶ ಎಂಬಾತ ಕಾರ್ಯದರ್ಶಿಯಾಗಿದ್ದ ಸಂಘವೊಂದು ಹೊಲಗಳನ್ನು ಕೊಂಡು ಕಲ್ಲು ನೆಟ್ಟಿತ್ತು. ಅಲ್ಲಿ ಅಳೆದು ಬಂದ ನಿಂಗಯ್ಯ ನೇರವಾಗಿ ಇಂಜಿನಿಯರ್ ಗುರುಸಿದ್ದಯ್ಯನವರ ಮುಂದೆ ನಿಂತ.

"ಸಾರ್, ಐದನೇ ಅಡ್ಡರಸ್ತೆ ಮೂವತ್ತು ಅಡಿ ಇರ್ಬೇಕು. ಕಲ್ಲು ನೆಟ್ಟಿರೋದು ಇಪ್ಪತ್ತಕ್ಕೆ. ಅದೂ ಸಾಲ್ದು ಅಂತ ಆಚೆ ತುದೀಲಿ ರಸ್ತೆ ಮ್ಯಾಲೇ ಒಂದು ಸೈಟು ಮಾಡವ್ರೆ. ಹಿಂದಿನ ದೊಡ್ಡ ರಸ್ತೆಗೆ ಸೇರ್ಬೇಕಾದ್ದು ಅಲ್ಲೇ ಮುಚ್ಚೋಗೈತೆ. ಒಳಗೆ ಹೋದ ಗಾಡಿ ತಿರುಗೋಕೂ ಜಾಗ ಇಲ್ಲ."

"ಆ ಬೀದೀಲಿ ದಸರಾ ಮೆರವಣಿಗೆ ಹೊರಡಿಸ್ತೀಯೇನಯ್ಯ?"

"ಬೀದಿ ಬಾಯಲ್ಲಿರೋ ಮೂಲೆ ಸೈಟಿನ ಮೂಲೇನೂ ಕತ್ತರಿಸಿ ಬಿಟ್ಟಿಲ್ಲ ಸಾರ್. ದೊಡ್ಡ ಗಾಡಿ ಹೊರಳೋದು ಹೆಂಗೆ?"

ಗುರುಸಿದ್ದಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ನಿನ್ನನ್ನ ಕಾಯಂ ಮಾಡೋ ಫೈಲು ನನ್ನ ಮೇಜಿಗೆ ಬಂದು ಒಂದು ತಿಂಗಳಾಯ್ತು ಕಣಯ್ಯ. ಮೇಲಕ್ಕೆ ಕಳಿಸೋಣ ಅಂತಿದ್ದೆ," ಎಂದರು. ಫೈಲನ್ನು ಕಟ್ಟಿನ ಅಡಿಗೆ ತಳ್ಳಿದರು.

ಮೂರನೆಯ ದಿನ ನಿಂಗಯ್ಯ ನಕ್ಷೆಯ ಕೆಳಗೆ ಬರೆದ: 'ಸ್ಥಳ ತನಿಖೆ ಮಾಡಿದ್ದೇನೆ. ನಿಯಮದಂತಿದೆ.' ದೀಪಾವಳಿಯ ಹೊತ್ತಿಗೆ ಅವನ ಕೆಲಸ ಕಾಯಂ ಆಯಿತು. ಹೆಂಡತಿ ದೇವಿರಮ್ಮ ಬೆಟ್ಟ ಹತ್ತಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ಪ್ರಸಾದದ ಬಾಳೆಹಣ್ಣನ್ನು ಅವನು ಬೀದಿಯ ಹಸುವಿಗೆ ತಿನ್ನಿಸಿದ.

ರಸ್ತೆಯ ಮೇಲೆ ಮಾಡಿದ ಆ ಸೈಟನ್ನು ಕೊಂಡವಳು ಪುಟ್ಟತಾಯಮ್ಮ. ಗಂಡ ಹೋದ ಮೇಲೆ ಹದಿನೆಂಟು ವರ್ಷ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಅಡಿಗೆ ಮಾಡಿ ಕೂಡಿಟ್ಟದ್ದನ್ನೆಲ್ಲ ಸುರಿದು ಎರಡು ಅಂಕಣದ ಹೆಂಚಿನ ಮನೆ ಕಟ್ಟಿಸಿಕೊಂಡಿದ್ದಳು. ಮನೆ ಮುಗಿದಾಗ ನೋಡಿ ಬರೆಯಲು ಹೋದ ನಿಂಗಯ್ಯನಿಗೆ ಮಜ್ಜಿಗೆ ಕೊಟ್ಟು ಕೇಳಿದಳು:

"ಸ್ವಾಮಿ, ನೀವು ಓದಿದೋರು. ರಸ್ತೆ ನೆಟ್ಟಗೆ ಬಂದು ನನ್ನ ಬಾಗ್ಲಿಗೇ ಹೊಡೀತದೆ. ಬೀದಿ ಕುತ್ತು, ಈ ಮನೆ ಆಗಿಬರಲ್ಲ ಅಂತಾರೆ ಎಲ್ಲ. ಏನಾದ್ರೂ ಆಯ್ತದಾ?"

"ಏನೂ ಆಗಲ್ಲ ಕಣಮ್ಮ. ಅವೆಲ್ಲ ನಂಬ್ಬೇಡಿ."

ಅವಳು ಅವನ ಮಾತು ನಂಬಿದಳು. ಆದರೂ ಇರಲಿ ಎಂದು ಮುಂದಿನ ಗೋಡೆಯಲ್ಲಿ ಗೂಡು ಮಾಡಿಸಿ, ರಸ್ತೆಗೆ ಮುಖ ಮಾಡಿ ಗಣಪತಿಯನ್ನು ಕೂರಿಸಿದಳು.

ಆಮೇಲೆ ಆ ಬೀದಿ ತುಂಬಿತು. ಎರಡೂ ಕಡೆ ಸೇರಿ ಇಪ್ಪತ್ತು ಮನೆ ಎದ್ದವು. ನಿಂಗಯ್ಯನಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ತಿಂಗಳಿಗೊಮ್ಮೆ ಸೈಕಲ್ಲು ತಾನಾಗಿಯೇ ಅತ್ತ ತಿರುಗುತ್ತಿತ್ತು. ಒಂದು ಸಲ ನೋಡಿದ: ಬಾಣಂತಿಯನ್ನು ಕರೆತಂದ ಜಟಕಾ ತಿರುಗಲಾರದೆ, ಕುದುರೆ ಬಿಚ್ಚಿ, ನಾಲ್ಕು ಜನ ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಕುದುರೆ ಮಾತ್ರ ಕಿವಿ ಹಿಂದಕ್ಕೆ ಮಾಡಿ ನಡುಗುತ್ತಿತ್ತು. ಇನ್ನೊಂದು ಸಲ ಬೀದಿಯ ಬಾಯಲ್ಲಿ ಹೊಸ ಬೋರ್ಡು ಕಂಡಿತು. ಅಂಗಡಿಗೆಂದು ಬಿಟ್ಟಿದ್ದ ಮೂಲೆ ಸೈಟಿನಲ್ಲಿ ಬೀರಯ್ಯ ಎಂಬುವನು ಸೌದೆ ಡಿಪೊ ತೆರೆದಿದ್ದ. ಮೂಲೆಯ ತುದಿಯವರೆಗೂ ಕಟ್ಟಡ, ಅದರ ಹೊರಗೆ ರಸ್ತೆಯ ಮೇಲೆ ಆಳೆತ್ತರದ ಸೌದೆ ಒಟ್ಟಿಲು.

"ರಸ್ತೆ ಮೇಲಿಂದು ತೆಗೆಸಪ್ಪ," ಎಂದ ನಿಂಗಯ್ಯ.

"ತೆಗಿಸ್ತೀನಿ ಬುಡಿ ಸ್ವಾಮಿ. ಲೋಡು ಬಂದ್ಬುಟ್ಟೈತೆ, ಎಲ್ಲಿಗೆ ಹಾಕಾಣ?" ಬೀರಯ್ಯ ಒಳ್ಳೆಯ ಮನುಷ್ಯ. ಕೈಲಾಗದವರಿಗೆ ಸೀಳು ಸೌದೆ ಸುಮ್ಮನೆ ಕೊಡುತ್ತಿದ್ದ. ಒಟ್ಟಿಲು ಮಾತ್ರ ಬೆಳೆಯುತ್ತಲೇ ಹೋಯಿತು.

೧೯೬೨ರ ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಬಿಸಿಗಾಳಿ ಬೆಳಿಗ್ಗೆಯಿಂದಲೇ ಎದ್ದಿತ್ತು. ಸೌದೆಯಿಂದ ನೀರಿನ ಗಾಡಿಯೂ ಒಳಗೆ ಬರುತ್ತಿಲ್ಲವೆಂದು ಪುಟ್ಟತಾಯಮ್ಮ ಅರ್ಜಿ ಕೊಟ್ಟಿದ್ದಳು. ಅದನ್ನು ಹಿಡಿದು ನಿಂಗಯ್ಯ ಮಧ್ಯಾಹ್ನ ಅವಳ ಜಗಲಿಯ ಮೇಲೆ ಕೂತಿದ್ದಾಗ ಬೀದಿಯ ಬಾಯಿಂದ ಕೂಗು ಕೇಳಿತು. ತಲೆಯೆತ್ತಿ ನೋಡಿದರೆ ಒಟ್ಟಿಲಿನಿಂದ ಹಳದಿ ಹೊಗೆ. ಅವನು ಎದ್ದು ನಿಲ್ಲುವಷ್ಟರಲ್ಲಿ ಗಾಳಿ ಬೀಸಿ ಬೆಂಕಿ ಈ ಕಡೆಯಿಂದ ಆ ಕಡೆಯ ಮನೆಯ ಸೂರಿಗೆ ಹಾರಿತು. ಇಪ್ಪತ್ತು ಅಡಿ ಅದಕ್ಕೆ ಒಂದು ದಾಟು.

ಜನ ಮೊದಲು ಹೊರಗೆ ಹೋಗಲು ಅತ್ತಲೇ ಓಡಿದರು. ಕಾವಿಗೆ ಮುಖ ಮುಚ್ಚಿಕೊಂಡು ಹಿಂದಕ್ಕೆ ಬಂದರು. ಎಡಕ್ಕೆ ಗೋಡೆ, ಬಲಕ್ಕೆ ಗೋಡೆ. ಹೋಗುವುದಕ್ಕೆ ಬೇರೆ ದಾರಿಯೇ ಇಲ್ಲವೆಂಬುದು ಅವರಿಗೆಲ್ಲ ಒಟ್ಟಿಗೇ ಹೊಳೆದಂತೆ ಒಂದು ಗಳಿಗೆ ಬೀದಿ ಸ್ತಬ್ಧವಾಯಿತು. ಆ ಮೌನದಲ್ಲಿ ಬೆಂಕಿ ಆರಿಸುವ ಇಂಜಿನ್ನಿನ ಗಂಟೆ ಕೇಳಿತು. ನಿಂಗಯ್ಯ ಕಿವಿಗೊಟ್ಟು ನಿಂತ. ಗಂಟೆ ಹತ್ತಿರವಾಗಲಿಲ್ಲ. ಮೂಲೆಯಲ್ಲಿ ಹೊರಳಲಾರದೆ, ಮುಂದಿನ ಚಕ್ರ ಚರಂಡಿಗಿಳಿದು, ಅದು ನಿಂತಲ್ಲೇ ಬಡಿದುಕೊಳ್ಳುತ್ತಿತ್ತು. ಅಲ್ಲಿ ಏನಾಗಿದೆಯೆಂದು ನೋಡದೆಯೂ ಹೇಳಬಲ್ಲವನು ಆ ಬೀದಿಯಲ್ಲಿ ಅವನೊಬ್ಬನೇ.

"ಅಮ್ಮ, ನಿಮ್ಮ ಹಿತ್ತಲ ಗೋಡೆ ಆಚೆ ದೊಡ್ಡ ರಸ್ತೆ ಐತೆ," ಎಂದು ಅವನು ಅರಚಿದ. "ಬಾಗ್ಲು ತೆಗೀರಿ!"

ಪುಟ್ಟತಾಯಮ್ಮ ಎರಡು ಬಾಗಿಲೂ ಹಾರುಹೊಡೆದಳು. ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರನ್ನೇ ತೋಳು ಹಿಡಿದು ಒಳಗೆಳೆದಳು. ಜನ ಅವಳ ಪಡಸಾಲೆ, ಅವಳ ದೇವರ ಗೂಡು, ಅವಳ ಅಡಿಗೆಮನೆ ಹಾಯ್ದು ಹಿತ್ತಲಿಗೆ ನುಗ್ಗಿದರು. ಒಲೆಯ ಮೇಲಿದ್ದ ಸಾರು ಉರುಳಿತು, ರಾಗಿಹಿಟ್ಟಿನ ಮಡಕೆ ಒಡೆಯಿತು. ನಿಂಗಯ್ಯ ಒರಳುಕಲ್ಲು ಉರುಳಿಸಿ ಗೋಡೆಗೆ ಮೆಟ್ಟಿಲು ಮಾಡಿದ. ಮುದುಕಿಯೊಬ್ಬಳನ್ನು ಜಮಖಾನದಲ್ಲಿ ಕಟ್ಟಿ ದಾಟಿಸಿದರು. ನೂರಕ್ಕೆ ಕಡಿಮೆಯಿಲ್ಲದ ಜನ ಆ ಎರಡು ಅಂಕಣದ ಮನೆಯೊಳಗಿಂದ ಹಾದುಹೋದರು. ಕೊನೆಗೆ ಪುಟ್ಟತಾಯಮ್ಮನನ್ನೂ ಹತ್ತಿಸಿ ತಾನು ಹಾರಿದ.

ಬೀರಯ್ಯ ಮಾತ್ರ ಬರಲಿಲ್ಲ. ಡಿಪೊದ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತುಗಳನ್ನು ಬಿಚ್ಚಲು ಹೋದವನು ಒಂದನ್ನು ಬಿಚ್ಚಿ ಕಳಿಸಿದ್ದ. ಇನ್ನೊಂದರ ಪಕ್ಕದಲ್ಲೇ ಸಿಕ್ಕಿದ.

ಮೂರನೆಯ ದಿನ ಗುರುಸಿದ್ದಯ್ಯನವರು ನಿಂಗಯ್ಯನನ್ನು ಕರೆಸಿದರು. "ವಿಚಾರಣೆ ನಡೆಯುತ್ತೆ. ಬೀರಯ್ಯನ ಬೀಡಿ ಕಿಡಿ ಅಂತ ಹೇಳು. ಸತ್ತೋನಿಗೆ ಅದರಿಂದ ಏನು ಹೋಗುತ್ತೆ?"

"ಅವನು ಬೀಡಿ ಸೇದ್ತಾ ಇರ್ಲಿಲ್ಲ ಸಾರ್," ಎಂದ ನಿಂಗಯ್ಯ.

ವಿಚಾರಣೆಯಲ್ಲಿ ಅವನು ಕೈಕಟ್ಟಿ ನಿಂತು, "ರಸ್ತೆ ಇಪ್ಪತ್ತೇ ಅಡಿ ಇತ್ತು. ನಾನೇ ಅಳೆದಿದ್ದೆ. ಗೊತ್ತಿದ್ದೂ ರುಜು ಹಾಕಿದೆ," ಎಂದು ಹೇಳಿಕೆ ಕೊಟ್ಟ. ಕೆಲಸ ಹೋಯಿತು. ಗುರುಸಿದ್ದಯ್ಯನವರಿಗೆ ಬೇರೆ ಊರಿಗೆ ವರ್ಗವಾಯಿತು. ಸುಂದರೇಶ ಮೊದಲಿನಂತೆಯೇ ಬಿಳಿ ಪಂಚೆಯಲ್ಲಿ ಓಡಾಡಿಕೊಂಡಿದ್ದ. ತೀರ್ಪಿನಲ್ಲಿ ಇನ್ನೊಂದು ಮಾತಿತ್ತು: ಐದನೇ ಅಡ್ಡರಸ್ತೆಯನ್ನು ಕೂಡಲೇ ಹಿಂದಿನ ರಸ್ತೆಗೆ ಸೇರಿಸತಕ್ಕದ್ದು. ಎಂದರೆ ಪುಟ್ಟತಾಯಮ್ಮನ ಮನೆ ಒಡೆಯತಕ್ಕದ್ದು. ನಿಜ ಹೇಳಲು ಹೊರಟಾಗ ನಿಂಗಯ್ಯನಿಗೆ ಇದು ಹೊಳೆದಿರಲಿಲ್ಲ.

ನೋಟೀಸಿಗಿಂತ ಮೊದಲು ತಾನೇ ಹೋಗಿ ಹೇಳಿದ. ಅವಳು ಒಡೆದ ಮಡಕೆಯ ಚೂರುಗಳನ್ನು ಇನ್ನೂ ಮೂಲೆಯಲ್ಲಿ ಗುಡ್ಡೆ ಹಾಕಿಕೊಂಡಿದ್ದಳು. ಅದರಲ್ಲೊಂದನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟಳು.

"ಅವತ್ತು ಈ ಮನೇನ ರಸ್ತೆ ಮಾಡಿದ್ದು ನಾನೇ," ಎಂದಳು. "ನಾನೇ ಬಾಗ್ಲು ತೆಗ್ದೆ. ಈಗ ನನ್ನ ಕೇಳ್ದೇನೇ ತೆಗೀತಾ ಅವ್ರೆ. ಏನೂ ಆಗಲ್ಲ ಅಂದಿದ್ರಲ್ಲ ಸ್ವಾಮಿ?"

ಮನೆ ಒಡೆದ ದಿನ ಹೋಗಿ ಪಾತ್ರೆ ಪಡಗ ಹೊತ್ತುಕೊಟ್ಟ. ಅವಳು ಅವನತ್ತ ನೋಡಲಿಲ್ಲ.

ಮಳೆಗಾಲ ಕಳೆದ ಮೇಲೆ ಅವಳೇ ಹೇಳಿಕಳಿಸಿದಳು. ಸಂಘ ಅವಳಿಗೆ ಬದಲಿ ಸೈಟು ಕೊಟ್ಟಿತ್ತು. ಗೋಕುಲಂ ಆಚೆ, ಅದೇ ಸಂಘದ ಹೊಸ ಬಡಾವಣೆಯಲ್ಲಿ. "ಬಂದು ನೋಡಿ. ಸುಳ್ಳು ಹೇಳಿ ಕೆಟ್ಟೋರು ನೀವು. ಇನ್ನೊಂದು ಸಲ ಹೇಳಲಾರ್ರಿ," ಎಂದಳು.

ಇಬ್ಬರೂ ನಡೆದುಕೊಂಡೇ ಹೋದರು. ಹುರುಳಿ ಕಿತ್ತ ಹೊಲದಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲು. ಸರಪಳಿ ಇರಲಿಲ್ಲ, ನಿಂಗಯ್ಯ ಒಂದು ಕಲ್ಲಿಗೆ ಹಿಮ್ಮಡಿ ಒತ್ತಿ, ಪಾದಕ್ಕೆ ಪಾದ ಸೇರಿಸಿ ರಸ್ತೆ ದಾಟಿ ಎದುರಿನ ಕಲ್ಲಿನವರೆಗೆ ನಡೆದ. ಹಿಂದಕ್ಕೆ ಬಂದು ಇನ್ನೊಂದು ಸಲ ನಡೆದ. ಅವಳು ಅವನ ಪಾದವನ್ನೇ ನೋಡುತ್ತಿದ್ದಳು.

"ಎಷ್ಟು?"

"ಇಪ್ಪತ್ತು, ಅಷ್ಟೇ."

ಗಾಳಿಗೆ ಒಣ ಹುಲ್ಲು ಸರಸರ ಎಂದಿತು. ಸಾಲಿನ ತುದಿಯವರೆಗೂ ಹೋಗಿ ನೋಡುವ ಧೈರ್ಯ ಅವನಿಗಾಗಲಿಲ್ಲ.

"ತಗೋಬೇಡಿ ಅಮ್ಮ."

"ತಗೊಳ್ದೆ ಎಲ್ಲಿರ್ಲಿ? ಹಾಸ್ಟೆಲಿನ ಸೌದೆ ಮನೇಲಿ ಮಲಗ್ತಾ ಇವ್ನಿ."

ಅಲ್ಲೇ ಕಲ್ಲಿನ ಮೇಲೆ ಕೂತು ನಿಂಗಯ್ಯ ಅವಳ ಹೆಸರಿನಲ್ಲಿ ತಕರಾರು ಅರ್ಜಿ ಬರೆದ. ಅವಳು ಹೆಬ್ಬೆಟ್ಟು ಒತ್ತಿದಳು. ಕಚೇರಿಯಲ್ಲಿ ಅವನ ಜಾಗಕ್ಕೆ ಬಂದಿದ್ದ ಹೊಸ ಓವರ್‌ಸಿಯರ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕೂರಲು ಹೇಳಿ, ಆಸ್ಥೆಯಿಂದ ಓದಿದ. ಅವನೂ ಹಂಗಾಮಿ.

ಪುಷ್ಯದಲ್ಲಿ ಆ ಹೊಸ ಬಡಾವಣೆಯ ಬೀದಿಯ ಮೊದಲ ಮನೆಗೆ ಪಾಯ ತೋಡಿದರು. ಅರ್ಜಿಗೆ ಉತ್ತರ ಇನ್ನೂ ಬಂದಿರಲಿಲ್ಲ.