ಬೀಗರ ನಂಬರು

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಜಮಾಲುದ್ದೀನ್ ಸಾಬರಿಗೆ ಇದ್ದದ್ದು ಒಂದೇ ಚಟ, ದೊಡ್ಡಸ್ತಿಕೆ. ಬೀಡಿ ಸೇದಿದವರಲ್ಲ, ಎಲೆಅಡಿಕೆ ಹಾಕಿದವರಲ್ಲ. ಆದರೆ ನಾಲ್ಕು ಜನ ಕೂತಲ್ಲಿ, "ನಮ್ಮಲ್ಲಿ ಸಾಲ ಗೀಲ ಇಲ್ರಿ. ಕೈಯಾಗ ರೊಕ್ಕ ಇದ್ರೆ ತರ್ತೀವಿ, ಇಲ್ಲಾಂದ್ರೆ ಸುಮ್ನಿರ್ತೀವಿ" ಎಂದು ಹೇಳದೆ ಎದ್ದು ಬಂದವರೂ ಅಲ್ಲ.

ಮಗಳು ಸಾಯಿಮಾಳನ್ನು ಹರಿಹರಕ್ಕೆ ಕೊಟ್ಟ ಮೇಲೆ ಈ ಚಟ ವಿಪರೀತಕ್ಕೆ ಹೋಯಿತು. ಬೀಗರಾದ ಖಲೀಲ್ ಸಾಬರು ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು, ಮಸೀದಿ ಕಮಿಟಿಯಲ್ಲಿದ್ದವರು, ಮಾತು ಕಡಿಮೆ. ಅವರು ಏನನ್ನೂ ಕೇಳಿರಲಿಲ್ಲ. ಕೇಳಿದ್ದರೆ ಅವರನ್ನು ಬೈದುಕೊಂಡು ಸಮಾಧಾನ ಮಾಡಿಕೊಳ್ಳುವ ಅನುಕೂಲವಾದರೂ ಇರುತ್ತಿತ್ತು. ಆದರೆ ಆ ಮನೆಯ ಹಿರಿಸೊಸೆ ನಿಖತ್‌ಳ ತವರಿನವರು ಎರಡು ಬಾಗಿಲಿನ ಫ್ರಿಜ್ಜು ಕೊಟ್ಟಿದ್ದರು, ಅದು ನಡುಮನೆಯಲ್ಲೇ ನಿಂತಿತ್ತು. ಹರಿಹರಕ್ಕೆ ಹೋದಾಗಲೆಲ್ಲ ಜಮಾಲುದ್ದೀನರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಮಗಳಲ್ಲ, ಆ ಫ್ರಿಜ್ಜು.

ರಂಜಾನಿಗೆ ಮುಂಚೆ ಅವರು ಪೇಟೆಯ ಅಂಗಡಿಯೊಂದರಲ್ಲಿ ವಾಷಿಂಗ್ ಮೆಷಿನ್ ಮುಂದೆ ನಿಂತರು. ಹದಿನೆಂಟು ಸಾವಿರ. ಜೇಬಿನಲ್ಲಿ ಮೂರೂವರೆ ಇತ್ತು.

"ಬಡ್ಡಿ ಸೊನ್ನೆ ಐತ್ರಿ. ಈಗ ಒಯ್ಯಿರಿ, ಆಮೇಲೆ ಕೊಡ್ರಿ. ತಿಂಗಳಿಗೆ ಸಾವಿರದ ಐನೂರು ಅಷ್ಟೆ" ಅಂದಳು ಕೌಂಟರಿನ ಹೆಣ್ಣುಮಗಳು.

ಬಡ್ಡಿ ಹರಾಮು ಎಂದು ಊರಿಗೆಲ್ಲ ಹೇಳುವ ಮನುಷ್ಯ. ಬಡ್ಡಿಯೇ ಇಲ್ಲವೆಂದ ಮೇಲೆ ಇದು ಸಾಲವೇ ಅಲ್ಲ ಎಂದು ಅವರ ಮನಸ್ಸು ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟುಬಿಟ್ಟಿತು. ತಡವಾದರೆ ದಂಡ ಎಂಬ ಸಾಲೂ ಅಲ್ಲೇ, ಅವಳು ಅವರ ಫೋನಿಗೆ ಹಾಕಿಕೊಟ್ಟ ಕಂತಿನ ಆ್ಯಪ್‌ನೊಳಗೆ ಇತ್ತು. ಕನ್ನಡಕ ಮನೆಯಲ್ಲಿತ್ತು.

"ಒಂದು ರೆಫರೆನ್ಸ್ ನಂಬರ್ ಬೇಕ್ರಿ. ನಿಮ್ಮನ್ನ ಚೆನ್ನಾಗಿ ಬಲ್ಲೋರದ್ದು."

ಅವರು ಎಡವಿದ್ದು ಇಲ್ಲಿ. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಹಾಕಿಸಬೇಕೆಂದು ಯೋಚಿಸುವವರಂತೆ ಯೋಚಿಸಿದರು. ಭಟ್ಟಿಯ ಪಾಲುದಾರ ಮುಜಾಹಿದನ ನಂಬರು ಕೊಡಬಹುದಿತ್ತು. ಆದರೆ ಅವನು ಸದಾ ಹೊಟ್ಟು ಬೂದಿ ಮೆತ್ತಿಕೊಂಡಿರುವ ಆಸಾಮಿ, ಅವನ ಹೆಸರಿಗೆ ಏನು ಬೆಲೆ? ಗೌರವಸ್ಥರ ಹೆಸರು ಕೊಟ್ಟರೆ ತನ್ನ ತೂಕವೂ ಹೆಚ್ಚುತ್ತದೆ ಎಂದುಕೊಂಡು ಖಲೀಲ್ ಸಾಬರ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಹೇಳಿದರು. ಮೆಷಿನ್ನು ಹೋಗುವುದು ಯಾರ ಮನೆಗೋ ಅವರದೇ ನಂಬರು.

ಹರಿಹರದಲ್ಲಿ ಅದನ್ನು ಆಟೋದಿಂದ ಇಳಿಸಿದ ದಿನ, "ನಗದು ಎಣಿಸಿ ತಂದೀನಿ. ಕಂತು ಗಿಂತು ನಮ್ಮ ಮನೆತನದಾಗೇ ಇಲ್ಲ" ಎಂದು ನಿಖತ್‌ಳಿಗೆ ಕೇಳಿಸುವಷ್ಟು ಜೋರಾಗಿ ಹೇಳಿದರು. ಸಾಯಿಮಾಳ ಮುಖ ಅರಳಿತು. ಆ ಮನೆಗೆ ಕಾಲಿಟ್ಟ ಮೇಲೆ ಮೊದಲ ಸಲ ಅವಳು ಓರಗಿತ್ತಿಯ ಮುಂದೆ ತಲೆ ಎತ್ತಿ ನಡೆದಳು. ತಂದೆಗೆ ಅಷ್ಟು ಸಾಕಾಗಿತ್ತು.

ಐದು ಕಂತು ಸಲೀಸಾಗಿ ಹೋದವು. ಆಗ ಫೋನು "ನಿಮ್ಮ ಖರೀದಿ ಮಿತಿ ಹೆಚ್ಚಿಸಲಾಗಿದೆ" ಎಂದಿತು. ಯಾರೋ ದೊಡ್ಡವರು ಬೆನ್ನು ತಟ್ಟಿದ ಹಾಗಾಯಿತು ಅವರಿಗೆ. ಹೆಂಡತಿ ನುಜತ್‌ಳಿಗೆ ಒಂದು ಮಿಕ್ಸರು, ತಮಗೊಂದು ಹೊಸ ಫೋನು ಕಂತಿನ ಮೇಲೇ ಬಂದವು. ಅಷ್ಟರಲ್ಲಿ ಮಳೆ ಹಿಡಿಯಿತು. ಮಂಡಕ್ಕಿ ಮೆತ್ತಗಾಗಿ ವ್ಯಾಪಾರ ಅರ್ಧಕ್ಕಿಳಿಯಿತು. ಎರಡು ತಿಂಗಳು ಕಂತು ತಪ್ಪಿತು, ತಪ್ಪಿದ್ದಕ್ಕೆ ದಂಡ ಬಿತ್ತು, ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾದದ್ದಕ್ಕೆ ಬ್ಯಾಂಕೂ ತನ್ನ ಪಾಲಿನ ದಂಡ ಮುರಿದುಕೊಂಡಿತು. ಗೊತ್ತಿಲ್ಲದ ನಂಬರುಗಳಿಂದ ಕರೆ ಶುರುವಾದವು. ಜಮಾಲುದ್ದೀನರು ಫೋನಿನ ಬಾಯಿ ಮುಚ್ಚಿಸಿ ಮಂಡಕ್ಕಿ ಚೀಲದ ಕೆಳಗೆ ತುರುಕಿದರು. ಒಂದು ದಿನ ಅದರೊಳಗೆ ಸಂದೇಶ ಬಂದು ಕೂತಿತ್ತು: ನೀವು ಸಿಗದ ಕಾರಣ ನಿಮ್ಮ ರೆಫರೆನ್ಸ್ ಅವರನ್ನು ಸಂಪರ್ಕಿಸಲಾಗುವುದು.

ಅಂದಿನಿಂದ ಒಂದು ತಿಂಗಳು ಅವರು ಹರಿಹರದ ಕಡೆ ತಲೆ ಹಾಕಲಿಲ್ಲ. ಮಗಳು ಕರೆದರೆ ಮೊಣಕಾಲು ನೋವು, ಜ್ವರ. ಕೊನೆಗೆ ಖಲೀಲ್ ಸಾಬರೇ ಭಟ್ಟಿಗೆ ಹೇಳಿಕಳಿಸಿದರು, ಶುಕ್ರವಾರ ಊಟಕ್ಕೆ ಬರಲೇಬೇಕು ಎಂದು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ನೆವಗಳನ್ನು ಒಂದೊಂದಾಗಿ ಜೋಡಿಸಿಕೊಂಡರು. ಆದರೆ ಖಲೀಲ್ ಸಾಬರು ಬಾಗಿಲಲ್ಲೇ ಕೈ ಹಿಡಿದು, "ಬರ್ರಿ ಬೀಗರೇ, ಕೂಡ್ರಿ. ಮೊಣಕಾಲು ಹೆಂಗೈತೆ?" ಎಂದರು. ಮುಖದಲ್ಲಿ ಒಂದು ಗೆರೆಯ ವ್ಯತ್ಯಾಸವೂ ಇರಲಿಲ್ಲ. ಸದ್ಯ, ಕರೆ ಬಂದಿಲ್ಲ ಎಂದು ಜಮಾಲುದ್ದೀನರು ಉಸಿರು ಬಿಟ್ಟರು. ಹಿತ್ತಲಲ್ಲಿ ಮೆಷಿನ್ನು ಗುರ್ರೆನ್ನುತ್ತಿತ್ತು. ಅದನ್ನು ಕೇಳಿ ಹಳೆಯ ಠೀವಿ ಅರ್ಧ ವಾಪಸು ಬಂತು.

ಎರಡು ತುತ್ತು ಉಂಡಿರಬೇಕು, ಖಲೀಲ್ ಸಾಬರ ಫೋನು ಬಡಿದುಕೊಂಡಿತು. ಅವರು ನಂಬರು ನೋಡಿ, ಎಡಗೈಯಲ್ಲಿ ಅದನ್ನೆತ್ತಿಕೊಂಡು ಜಗಲಿಗೆ ನಡೆದರು.

"ದಿನಾ ಈ ಹೊತ್ತಿಗೆ ಮಾವಗೆ ಒಂದು ಫೋನ್ ಬರ್ತೈತೆ ಅಬ್ಬಾ" ಎಂದಳು ಸಾಯಿಮಾ, ಸಾರು ಬಡಿಸುತ್ತ. "ಯಾರೋ ಹಳೇ ದೋಸ್ತ್ ಅಂತೆ. ಪಾಪ, ಕಷ್ಟದಾಗ ಅದಾನಂತೆ."

ಜಮಾಲುದ್ದೀನರು ಕೂತಿದ್ದು ಕಿಟಕಿಯ ಪಕ್ಕದಲ್ಲಿ. ಜಗಲಿಯ ಮಾತು ಒಂದೂ ಬಿಡದೆ ಕಿವಿಗೆ ಬಿತ್ತು.

"ಹೌದ್ರಿ, ನಾನೇ ಖಲೀಲ್. ನಿನ್ನೇನೂ ಹೇಳಿದ್ನಲ್ಲ. ಜಮಾಲುದ್ದೀನ್ ಸಾಬ್ರು ಮರ್ಯಾದಸ್ಥರು, ಕಟ್ತಾರೆ. ಕಳ್ಳ ಅನ್ನಬ್ಯಾಡ್ರಿ. ನನ್ನ ಬೇಕಾದ್ರೆ ಏನಾದ್ರೂ ಅನ್ರಿ, ಅವರನ್ನ ಅನ್ನಬ್ಯಾಡ್ರಿ. ಅವರು ನನ್ನ ಹೆಸರು ಹೇಳ್ಯಾರೆ ಅಂದ್ರೆ ನನ್ನ ನಂಬ್ಯಾರೆ ಅಂತ ಅರ್ಥ."

ಕಲಸಿದ ತುತ್ತನ್ನು ಜಮಾಲುದ್ದೀನರು ತಟ್ಟೆಗೇ ಬಿಟ್ಟರು. ತಾನು ಯಾವ ಅರ್ಥದಲ್ಲಿ ಆ ನಂಬರು ಕೊಟ್ಟಿದ್ದನೋ ಆ ಅರ್ಥಕ್ಕೆ ತಕ್ಕಂತೆ ಈ ಮನುಷ್ಯ ದಿನವೂ ನಿಂತು ಸಾಕ್ಷಿ ಹೇಳುತ್ತಿದ್ದಾನೆ. ತಾನು ಫೋನನ್ನು ಚೀಲದ ಕೆಳಗೆ ಮುಚ್ಚಿಟ್ಟು ಕೂತ ಅಷ್ಟೂ ದಿನ ತನ್ನ ಪಾಲಿನ ಬೈಗುಳವನ್ನು ಈತ ತಿಂದಿದ್ದಾನೆ. ಖಲೀಲ್ ಸಾಬರು ಒಂದು ಸಲ ಕೆನ್ನೆಗೆ ಹೊಡೆದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಬೀಗರು ಒಳಗೆ ಬಂದು ಕೂತು, "ಯಾಕ ಉಣವಲ್ರಿ? ಸಾರು ಖಾರ ಆತೇನು?" ಎಂದು ಕೇಳಿದರು.

ಹೂಂ ಎಂದುಬಿಟ್ಟರೆ ಮುಗಿದಿತ್ತು. ಮಗಳಿಗೆ ಗೊತ್ತಿಲ್ಲ, ಖಲೀಲ್ ಸಾಬರು ಬಾಯಿ ಬಿಡುವವರಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಖತ್ ರೊಟ್ಟಿ ತಟ್ಟೆ ಹಿಡಿದು ನಿಂತಿದ್ದಳು. ಜಮಾಲುದ್ದೀನರು ಅವಳನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಎಂಜಲು ಕೈಯನ್ನು ತಟ್ಟೆಯ ಮೇಲೇ ಹಿಡಿದು, ಎಡಗೈ ಚಾಚಿದರು.

"ಆ ಫೋನ್ ಇಲ್ಲಿ ಕೊಡ್ರಿ ಬೀಗರೇ."

"ಬ್ಯಾಡ್ರಿ, ಊಟ ಆಗ್ಲಿ."

"ಕೊಡ್ರಿ."

ಕೊನೆಯ ನಂಬರಿಗೆ ತಾವೇ ಹಚ್ಚಿದರು. ಆ ಕಡೆಯವನು ಎತ್ತಿದ ಕೂಡಲೇ ಹೇಳಿದರು: "ನಾನು ಜಮಾಲುದ್ದೀನ್ ಮಾತಾಡ್ತಿರೋದು. ವಾಷಿಂಗ್ ಮೆಷಿನ್ ತಂದೋನು ನಾನು, ಕಟ್ಟಬೇಕಾದೋನೂ ನಾನು. ಇನ್ಮ್ಯಾಲೆ ಈ ನಂಬರಿಗೆ ಮಾಡಬ್ಯಾಡ್ರಿ. ನನ್ನದಕ್ಕೆ ಮಾಡ್ರಿ, ಎತ್ತುತೀನಿ."

ಫೋನು ಕೆಳಗಿಟ್ಟರು. ನಿಖತ್ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಹಿತ್ತಲಲ್ಲಿ ಮೆಷಿನ್ನು ಒಗೆತ ಮುಗಿಸಿ ಕುಂಯ್ ಕುಂಯ್ ಎಂದು ಕರೆಯಿತು. ಬಟ್ಟೆ ತೆಗೆಯಲು ಯಾರೂ ಏಳಲಿಲ್ಲ.

ಸಾಯಿಮಾ ಸಾರಿನ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ಇನ್ನ ಎಷ್ಟು ಕಂತು ಅದಾವೆ ಅಬ್ಬಾ?" ಎಂದು ಮೆಲ್ಲಗೆ ಕೇಳಿದಳು.

ಬಾಯಿಗೆ ಮೊದಲು ಬಂದದ್ದು ಎರಡು ಎಂಬ ಮಾತು. ಜಮಾಲುದ್ದೀನರು ಅದನ್ನು ನುಂಗಿಕೊಂಡರು.

"ಏಳು" ಎಂದರು. "ಮಿಕ್ಸರು, ಫೋನಿಂದು ಬ್ಯಾರೆ."