ಫಳಫಳ ಹೊಳೆದ ಸಿಲಿಂಡರ್

ಲೇತ್ ಶೆಡ್ಡಿನ ಯಜಮಾನನಿಗೆ ಹೊಳಪಿನ ಹುಚ್ಚು. ತಾನು ಕಡೆದ ಶಾಫ್ಟಿನಲ್ಲಿ ತನ್ನ ಮೀಸೆ ಕಾಣದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಪುಣ್ಯಾತ್ಮ, ಬಾಗಿಲ ಚಿಲಕವನ್ನೂ ಬಿಟ್ಟವನಲ್ಲ! ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಹೆಂಡತಿಯದು ಹೋನಿಂಗ್ ಕೆಲಸ: ಇಂಜಿನ್ನಿನ ಸಿಲಿಂಡರಿನೊಳಗೆ ತಿರುಗುವ ಸಾಣೆಕಲ್ಲು ಇಳಿಸಿ, ಮೇಲೆ ಕೆಳಗೆ ಆಡಿಸಿ, ಒಳಮೈ ತುಂಬ ಅಡ್ಡಡ್ಡ ಸಣ್ಣ ಗೀರು ಎಳೆಯುವುದು.

"ಚೆನ್ನಾಗಿರೋ ಲೋಹಾನ ಬೆಕ್ಕು ಪರಚಿದ ಹಾಗೆ ಮಾಡ್ತೀಯಲ್ಲೇ!" ಎಂದು ಅವನು ಕಾಡುವನು.

"ಆ ಗೀರಲ್ಲೇ ಎಣ್ಣೆ ನಿಲ್ಲೋದು ಕಣ್ರೀ. ನಿಮ್ಮ ಹಾಗೆ ಮೀಸೆ ನೋಡ್ಕೊಳ್ಳೋಕೆ ಪಿಸ್ಟನ್‌ಗೆ ಪುರುಸೊತ್ತೆಲ್ಲಿ?" ಎಂದು ಅವಳು ಬಾಯಿ ಮುಚ್ಚಿಸುವಳು.

ಅವಳ ತಮ್ಮನ ವ್ಯಾನಿನ ಸಿಲಿಂಡರ್ ಬಂದಾಗ ಮಹಾಶಯನ ಕೈ ತುರಿಸಿತು. ಭಾವಮೈದುನನ ಗಾಡಿ, ಒಂಚೂರು ಜಾಸ್ತಿ ಹೊಳಪು ಕೊಟ್ಟರೇನಂತೆ? ಅವಳು ಊಟಕ್ಕೆ ಹೋದದ್ದೇ ತಡ, ಎಮರಿ ಕಾಗದ ಹಿಡಿದು ಅವಳೆಳೆದ ಗೀರನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದ. ಅವಳು ಬರುವುದರೊಳಗೆ ಸಿಲಿಂಡರಿಗೆ ಹಳೇ ಪೇಪರ್ ಸುತ್ತಿ ಭಾವಮೈದುನನ ಕೈಗೆ ತಾನೇ ಕೊಟ್ಟ.

ವಾರ ಕಳೆಯುವುದರೊಳಗೆ ವ್ಯಾನು ಬೀದಿ ತುಂಬ ನೀಲಿ ಹೊಗೆ ಬಿಡುತ್ತ ಶೆಡ್ಡಿನ ಮುಂದೆ ಬಂದು ನಿಂತಿತು.

"ಅಕ್ಕಾ, ಇಂಜಿನ್ನು ಗಟಗಟ ಆಯಿಲ್ ಕುಡೀತಿದೆ. ಸಾಮಾನು ಸಾಗಿಸೋಕೆ ಕರೀತಿದ್ದೋರೆಲ್ಲ ಬೇರೆ ಗಾಡಿ ನೋಡ್ಕೊಂಡ್ರು," ಎಂದ ತಮ್ಮ.

ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. ಆಮೇಲೆ ಸಾಣೆಕಲ್ಲುಗಳನ್ನು ಒರೆಸಿ ಡಬ್ಬಿಗೆ ಹಾಕಿದಳು.

"ನನ್ನ ಕೈಯಲ್ಲಿ ಮೊದಲಿನ ಹದ ಇಲ್ಲ ಕಣೋ. ನಿನ್ನ ಅನ್ನಕ್ಕೇ ಕಲ್ಲು ಹಾಕ್ಬಿಟ್ಟೆ. ಇನ್ನು ಈ ಕೆಲಸ ಸಾಕು."

ಯಜಮಾನನಿಗೆ ತನ್ನ ಎಮರಿ ಕಾಗದ ನೆನಪಾಯಿತು. ಗೀರು ಸರಿಯಾಗಿ ಬೀಳದಿದ್ದರೂ ಇಂಜಿನ್ ಹೀಗೇ ಹೊಗೆಯುಗುಳುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಚ್ಚಳ ಹಾಕುತ್ತಿದ್ದ ಆ ಕೈ ನೋಡಿ ಅವನು ಡಬ್ಬಿಯನ್ನು ತನ್ನತ್ತ ಎಳೆದುಕೊಂಡ.

"ನಿನ್ನ ಕೈ ಸರಿಯಾಗೇ ಇದೆ ಕಣೇ. ನಾನೇ... ನೀನು ಊಟಕ್ಕೆ ಹೋದಾಗ... ಒಳಗೆಲ್ಲ ಪಾಲಿಶ್ ಮಾಡ್ಬಿಟ್ಟೆ."

ಅವಳಿಗೆ ಕೋಪ ಬಂತು, ಅಳು ಬಂತು, ಕೊನೆಗೆ ಅದ್ಯಾವ ಮಾಯದಲ್ಲೋ ನಗುವೂ ಬಂದುಬಿಟ್ಟಿತು.

"ಅಯ್ಯೋ ನಿಮ್ಮ! ನನ್ನ ಕೈ ಹೋಯ್ತು ಅಂತ ಜೀವವೇ ಹೋಗಿತ್ತಲ್ರೀ," ಎಂದು ಕಣ್ಣೊರೆಸಿಕೊಂಡಳು. "ನಡೀರಿ, ಇಂಜಿನ್ ಬಿಚ್ಚಿ. ಗೀರು ನಾನು ಎಳೀತೀನಿ, ಪಕ್ಕದಲ್ಲಿ ನಿಂತು ಎಣ್ಣೆ ಹುಯ್ಯಿರಿ. ನೋಡೋಕಾಗ್ದಿದ್ರೆ ಕಣ್ಮುಚ್ಕೊಳ್ಳಿ!"